ಏರಿಯ ಮೇಲೆ ಎರಡು ಟವರು

ಇಸವಿ ೨೦೦೭, ಜೂನ್ ೧೧, ಸೋಮವಾರ, ಸಂಜೆ ಏಳು ಗಂಟೆ ಹತ್ತು ನಿಮಿಷ. ಚಿತ್ರದುರ್ಗದಲ್ಲಿ ನಾನು ಬಾಡಿಗೆಗಿದ್ದ ಕೋಣೆಯ ಕಿಟಕಿಯಲ್ಲಿಟ್ಟಿದ್ದ ಫೋನು ಬಡಿದುಕೊಂಡಿತು. ಅಕ್ಕನದು.

"ಲೇ ತಮ್ಮ, ಫೋನು ತಾನಾಗೇ ಕಟ್ಟಾಗ್ತೈತೋ, ಇಲ್ಲಾ ನಾನೇ ಏನಾರ ಒತ್ತಿಬಿಡ್ತೀನೋ? ಸರಿಯಾಗಿ ಹೇಳು."

"ಯಾರ ಫೋನು?"

"ಇನ್ಯಾರದೋ? ನಿಮ್ ಭಾವಂದು. ಮಾತಾಡ್ತಾ ಮಾತಾಡ್ತಾ ಕೊರ್ ಅಂತೈತೆ, ಆಮೇಲೆ ಬಾವೀಲಿ ಬಿದ್ದಂಗೆ ಏನೂ ಇಲ್ಲ. ನಾನೇ ಬೇಕಂತ ಕಟ್ ಮಾಡ್ತೀನಿ ಅಂತ ಅವ್ರು. ಇವತ್ತು ಕೊನೇ ಮಾತು ಹೇಳವ್ರೆ."

ಆ ಕೊನೆಯ ಮಾತು ಏನೆಂದು ಹೇಳುವ ಮೊದಲು ನಮ್ಮ ವಿಷಯ ಎರಡು ಸಾಲು ಬರೆಯಬೇಕು. ನಾವು ಹೊಸದುರ್ಗದ ಕಡೆಯವರು. ಅವ್ವ ಹೋದಾಗ ನನಗೆ ಒಂಬತ್ತು, ಅಕ್ಕನಿಗೆ ಹದಿನಾಲ್ಕು. ನಾನು ಡಿಪ್ಲೊಮಾ ಮುಗಿಸುವ ವರ್ಷ ಅಪ್ಪನೂ ಹೋದ. ಅಷ್ಟರಲ್ಲಿ ಅಕ್ಕನನ್ನು ಭರಮಸಾಗರಕ್ಕೆ ಕೊಟ್ಟಾಗಿತ್ತು. ಊರಂಚಿನಲ್ಲಿ, ಕೆರೆ ಏರಿಯ ಬುಡದಲ್ಲಿ ಅವರ ಮನೆ. ಮನೆಯಲ್ಲಿ ಅಕ್ಕ, ಅವಳ ಅತ್ತೆ, ಎರಡು ಎಮ್ಮೆ. ಭಾವ ಲಾರಿ ಡ್ರೈವರು. ಹಿರಿಯೂರಿನಲ್ಲಿ ತೆಂಗಿನಕಾಯಿ ತುಂಬಿಸಿಕೊಂಡು ಉತ್ತರಕ್ಕೆ ಹೋದರೆ ಬರುವುದಕ್ಕೆ ಹದಿನೈದು ದಿನವಾದರೂ ಆಯಿತು, ಇಪ್ಪತ್ತಾದರೂ ಆಯಿತು. ಸಂಜೆ ಎಲ್ಲಾದರೂ ಡಾಬಾದ ಹತ್ತಿರ ಗಾಡಿ ನಿಲ್ಲಿಸಿ ಅಕ್ಕನಿಗೆ ಫೋನು ಮಾಡುತ್ತಿದ್ದ.

ಮದುವೆಯಾದ ಹೊಸದರಲ್ಲಿ ಭಾವ ಒಂದು ಮಾತು ಕೊಟ್ಟಿದ್ದ: ದೂರದ ಬಾಡಿಗೆ ಬಿಟ್ಟು, ಹೊಳಲ್ಕೆರೆಯ ಅಡಿಕೆ ಮಂಡಿಯಿಂದ ಶಿವಮೊಗ್ಗಕ್ಕೆ ಲೋಡು ಹೊಡೆಯುತ್ತೇನೆ, ರಾತ್ರಿ ಊಟಕ್ಕೆ ಮನೆಯಲ್ಲಿರುತ್ತೇನೆ ಎಂದು. ಎರಡು ವರ್ಷವಾದರೂ ಅದು ಆಗಲಿಲ್ಲ. ಮೇ ತಿಂಗಳಲ್ಲಿ ಮತ್ತೆ ದೂರದ ಲೋಡು ಒಪ್ಪಿಕೊಂಡು ಬಂದಾಗ ಅಕ್ಕ ಬುತ್ತಿ ಕಟ್ಟಿ ಬಾಗಿಲಲ್ಲಿಟ್ಟು ಒಳಗೆ ಹೋದಳಂತೆ. ಲಾರಿಯವರೆಗೆ ಹೋಗಿ ಕೊಡಲಿಲ್ಲ. ಮಾರನೆಯ ದಿನ ಅವನು ಫೋನು ಮಾಡಿದಾಗ ನಿಜವಾಗಿಯೂ ಅವಳೇ ಕಟ್ ಮಾಡಿದ್ದಳು. ಆ ಒಂದು ಸಲ ಮಾತ್ರ. ಆಮೇಲಿನದೆಲ್ಲ ತಾನಾಗಿ ಕಡಿದುಹೋದದ್ದು. ಆದರೆ ಮೊದಲನೆಯದನ್ನು ಕಂಡವನು ಉಳಿದವುಗಳನ್ನು ಹೇಗೆ ನಂಬುತ್ತಾನೆ?

ಆ ಸಂಜೆಯೇ ಭಾವನಿಗೆ ನಾನು ಫೋನು ಮಾಡಿದೆ. ಹಿಂದೆ ಲಾರಿಗಳ ಹಾರ್ನು ಕೇಳುತ್ತಿತ್ತು.

"ಅಕ್ಕ ಕಟ್ ಮಾಡ್ತಿಲ್ಲ ಭಾವ. ಸಿಗ್ನಲ್ಲಿಂದು ತೊಂದರೆ ಇರಬೇಕು," ಎಂದೆ.

"ಏನಪ್ಪ, ನಿನ್ ಜೊತೆ ಮಾತಾಡ್ವಾಗ ಒಂದ್ಸಲನಾದ್ರೂ ಕಟ್ಟಾಗೈತಾ? ಇಲ್ಲ. ಈಗ್ಲೂ ನೋಡು, ನಾನು ಸಾವಿರ ಮೈಲಿ ಆಚೆ ಇದೀನಿ, ಕ್ಲಿಯರ್ರಾಗೈತೆ. ನಿಮ್ಮಕ್ಕಂಗೆ ಮಾತ್ರ ಸಿಗ್ನಲ್ ರೋಗ. ಗುರುವಾರ ಸಂಜೆ ಇನ್ನೊಂದ್ಸಲ ಮಾಡ್ತೀನಿ. ಅದೂ ಕಟ್ಟಾದ್ರೆ ಇಲ್ಲಿಂದಾನೇ ಮುಂದಿನ ಲೋಡ್ ಹಿಡ್ಕಂಡು ಹೋಗ್ತೀನಿ. ಮಾತೇ ಬ್ಯಾಡ ಅನ್ನೋರ ಮನೆಗೆ ಬಂದೇನ್ ಮಾಡ್ಲಿ?"

ಇದೇ ಕೊನೆಯ ಮಾತು. ಗುರುವಾರ ಎಂದರೆ ನಡುವೆ ಎರಡೇ ದಿನ.

ಅಕ್ಕ ನನ್ನನ್ನು ಕೇಳಿದ್ದಕ್ಕೆ ಕಾರಣವಿತ್ತು. ನನ್ನ ಕೆಲಸವೇ ಅದು. ಒಂದು ಫೋನ್ ಕಂಪನಿಗೆ ಸರ್ವೆ ಮಾಡಿಕೊಡುವ ಗುತ್ತಿಗೆದಾರರ ಹತ್ತಿರ ನಾನಿದ್ದೆ. ಅಕ್ಕನ ಸಿಮ್ಮೂ ಅದೇ ಕಂಪನಿಯದು. ಜೀಪಿನ ಹಿಂದಿನ ಸೀಟಿನಲ್ಲಿ ಲ್ಯಾಪ್‌ಟಾಪು, ಅದಕ್ಕೆ ವೈರಿನಿಂದ ಕಟ್ಟಿದ ಒಂದು ಫೋನು. ಫೋನಿನಲ್ಲಿ ಸದಾ ಒಂದು ಕರೆ ನಡೆಯುತ್ತಿರಬೇಕು. ಗಾಡಿ ಹೋದಂತೆಲ್ಲ ಫೋನು ಒಂದು ಟವರನ್ನು ಬಿಟ್ಟು ಇನ್ನೊಂದನ್ನು ಹಿಡಿಯುತ್ತದೆ. ಎಲ್ಲಿ ಬಿಟ್ಟಿತು, ಯಾವುದನ್ನು ಹಿಡಿಯಿತು, ನಡುವೆ ಕರೆ ಕಡಿಯಿತೋ ಇಲ್ಲವೋ, ಇಷ್ಟನ್ನು ಬರೆದುಕೊಳ್ಳುವುದು. ಚಿತ್ರದುರ್ಗದಿಂದ ಹಿರಿಯೂರು, ಹೊಸದುರ್ಗ, ಹೊಳಲ್ಕೆರೆ, ಭರಮಸಾಗರ. ಒಂದು ರಸ್ತೆ ಮುಗಿದರೆ ಇನ್ನೊಂದು, ಎಲ್ಲ ಮುಗಿದರೆ ಮತ್ತೆ ಮೊದಲಿನಿಂದ. ದಿನವೆಲ್ಲ ಕರೆಯಲ್ಲಿರುತ್ತಿದ್ದೆ, ಆದರೆ ಆ ಕರೆಯ ಆಚೆ ತುದಿಯಲ್ಲಿ ಮನುಷ್ಯರಿರುತ್ತಿರಲಿಲ್ಲ. ಕಚೇರಿಯ ಒಂದು ಯಂತ್ರ ತಾನೇ ಎತ್ತಿಕೊಂಡು ಸುಮ್ಮನಿರುತ್ತಿತ್ತು.

ನಾನು ಆಗ ದಿನಚರಿ ಬರೆಯುತ್ತಿದ್ದೆ. ಕೆಲಸದ ಲೆಕ್ಕ ಒಂದು ಕಡೆ, ನನಗೆ ಬಂದ ಫೋನುಗಳು ಇನ್ನೊಂದು ಕಡೆ. ಎರಡನೆಯ ಕಡೆ ಹೆಚ್ಚು ಜಾಗ ಬೇಕಾಗುತ್ತಿರಲಿಲ್ಲ. ಅಲ್ಲಿ ಬರೆಯುತ್ತಿದ್ದದ್ದು ಬಹುತೇಕ ಅಕ್ಕ ಎಂಬ ಒಂದೇ ಪದ.

ಮಂಗಳವಾರ ನಮ್ಮ ಸರದಿ ದಾವಣಗೆರೆ ರಸ್ತೆಯದು. ಜೀಪಿನ ಡ್ರೈವರು ಹಿರಿಯೂರಿನವರು, ಐವತ್ತು ದಾಟಿದವರು. ನಾನು ಅಣ್ಣ ಎನ್ನುತ್ತಿದ್ದೆ. ಭರಮಸಾಗರದ ಹತ್ತಿರ ಬಂದಾಗ, "ಅಣ್ಣ, ಒಂದರ್ಧ ಗಂಟೆ ಏರಿ ಮೇಲೆ ಹೋಗಾಣ," ಎಂದೆ.

"ಯಾಕಪ್ಪ, ಮೀನಿಗೂ ಫೋನ್ ಕೊಟ್ಟೈತಾ ನಿನ್ ಕಂಪನಿ?"

ಅಕ್ಕನ ವಿಷಯ ಹೇಳಿದೆ. ಅವರು ಮತ್ತೆ ತಮಾಷೆ ಮಾಡದೆ ಗಾಡಿ ತಿರುಗಿಸಿದರು.

ಅಕ್ಕ ಎಲ್ಲಿ ನಿಂತು ಮಾತನಾಡುತ್ತಾಳೆ ಎಂದು ನನಗೆ ಗೊತ್ತಿತ್ತು. ಆ ಮನೆಯಲ್ಲಿ ಸೊಸೆ ಅತ್ತೆಯೆದುರು ಗಂಡನ ಜೊತೆ ಮಾತನಾಡುವುದಿಲ್ಲ. ಯಾರೂ ಹಾಗೆಂದು ಹೇಳಿದ್ದಲ್ಲ, ಮೊದಲಿನಿಂದ ನಡೆದು ಬಂದದ್ದು. ಅವನು ಮನೆಯಲ್ಲಿದ್ದಾಗಲೂ ಅವಳು ಕೇಳಬೇಕಾದದ್ದನ್ನು ಗೋಡೆಗೆ ಹೇಳಿದಂತೆ ಹೇಳುತ್ತಿದ್ದಳು. ಇನ್ನು ಫೋನಿನಲ್ಲಿ ಎಂದರೆ ಕೇಳಬೇಕೆ? ಹಾಗಾಗಿ ದೀಪ ಹಚ್ಚಿದ ಮೇಲೆ ಫೋನನ್ನು ಸೆರಗಿನಲ್ಲಿ ಸುತ್ತಿಕೊಂಡು ಏರಿ ಹತ್ತುತ್ತಿದ್ದಳು. ಅಲ್ಲಿ ನಾಲ್ಕು ಕಡ್ಡಿ ಸಿಗ್ನಲ್ಲು ತೋರಿಸುತ್ತದೆ, ಮನೆಯ ಹತ್ತಿರ ಒಂದೋ ಎರಡೋ. ನಾಲ್ಕು ತೋರಿಸುವ ಕಡೆ ಹೋಗಿ ನಿಲ್ಲುವುದು ಯಾರಿಗೂ ಸಹಜ. ನಾನೂ ಅಲ್ಲೇ ನಿಲ್ಲು ಎಂದೇ ಹೇಳುತ್ತಿದ್ದೆ.

ಕೆರೆಯಲ್ಲಿ ನೀರು ಸ್ವಲ್ಪ, ಜಾಲಿ ಬಹಳ. ಆದರೂ ಅಷ್ಟಗಲ ಬಯಲು. ನಾನು ಕೈಯಲ್ಲಿ ಫೋನು ಹಿಡಿದು ಲ್ಯಾಪ್‌ಟಾಪಿನ ವೈರು ಎಳೆಯುವಷ್ಟು ದೂರ ಆಚೀಚೆ ಅಡ್ಡಾಡಿದೆ. ಪರದೆಯ ಮೇಲೆ ಟವರುಗಳ ಗುರುತಿನ ಅಂಕಿಗಳು ಒಂದರ ಕೆಳಗೊಂದು ಬರುತ್ತವೆ. ಎಲ್ಲಕ್ಕಿಂತ ಮೇಲಿರುವುದು ಆಗ ನಮ್ಮನ್ನು ಹಿಡಿದಿರುವ ಟವರು. ಒಂದು ಊರೊಳಗಿನದು. ಇನ್ನೊಂದು ಕೆರೆಯ ಆಚೆ, ಹೆದ್ದಾರಿಗೆಂದು ಹಾಕಿದ್ದು. ಬಯಲಿನ ಮೇಲೆ ಅಡ್ಡಿಯೇ ಇಲ್ಲದೆ ಅದು ಏರಿಯ ತನಕ ಬರುತ್ತಿತ್ತು. ಎರಡೂ ಹೆಚ್ಚುಕಡಿಮೆ ಒಂದೇ ಬಲದವು. ನಾನು ಎರಡು ಹೆಜ್ಜೆ ನಡೆದರೆ ಊರಿನದು ಮೇಲೆ, ತಿರುಗಿ ನಿಂತರೆ ಹೆದ್ದಾರಿಯದು ಮೇಲೆ. ತಲೆ ಅಡ್ಡ ಬಂದರೂ ಸಾಕು, ಅದಲು ಬದಲು. ಬದಲಾದ ಪ್ರತಿ ಸಲಕ್ಕೊಂದರಂತೆ ಕಾಲು ಗಂಟೆಯಲ್ಲಿ ನಲವತ್ತಕ್ಕೂ ಹೆಚ್ಚು ಗೀಟು ಹಾಕಿದೆ. ಒಂದು ಟವರಿನ ಕೈಯಿಂದ ಇನ್ನೊಂದರ ಕೈಗೆ ಕರೆ ದಾಟುವಾಗ ಯಾವಾಗಲೋ ಒಮ್ಮೆ ಜಾರಿ ಬೀಳುತ್ತದೆ. ನನ್ನದು ಎರಡು ಸಲ ಬಿದ್ದಿತು. ಅದೇ ಕೊರ್ ಎನ್ನುವ ಸದ್ದು, ಆಮೇಲೆ ಬಾವಿ.

ಡ್ರೈವರಣ್ಣ ಬಗ್ಗಿ ಪರದೆ ನೋಡಿದರು. "ಇದೇನೋ ಇದು, ಚಿನ್ನಿದಾಂಡು ಆಡಿದಂಗೆ?"

ಹೀಗೆ ಹೀಗೆ ಎಂದು ವಿವರಿಸಿದೆ.

"ಎರಡು ಮನೆ ನೆಂಟ ಉಪಾಸ ಅಂತಾರಲ್ಲ, ಹಂಗಾತು. ಇವ್ರು ಅಲ್ಲುಂಡ ಅಂತಾರೆ, ಅವ್ರು ಇಲ್ಲುಂಡ ಅಂತಾರೆ. ಪಾಪ, ನಡು ಬೀದೀಲಿ ನೆಂಟ."

ಬುಧವಾರ ಬೆಳಿಗ್ಗೆ ಕಂಪನಿಯ ಎಂಜಿನಿಯರ ಹತ್ತಿರ ಹೋದೆ. ಒಳ್ಳೆಯ ಮನುಷ್ಯ, ನನಗಿಂತ ನಾಲ್ಕೈದು ವರ್ಷ ದೊಡ್ಡವರು. ಟವರಿಗೆ ಗುರುತಿನ ಅಂಕಿಯಲ್ಲದೆ ಇನ್ನೊಂದು ಅಂಕಿ ಕೊಟ್ಟಿರುತ್ತಾರೆ. ಹೊಸ ಟವರು ಹಳೆಯದಕ್ಕಿಂತ ಇಷ್ಟು ಬಲವಾಗಿ, ಇಷ್ಟು ಹೊತ್ತು ಕಂಡರೆ ಮಾತ್ರ ಫೋನು ಜಾಗ ಬಿಡಬೇಕು ಎಂಬ ಅಂಕಿ ಅದು. ಅದನ್ನು ಸ್ವಲ್ಪ ಏರಿಸಿದರೆ ಫೋನು ಹಟ ಹಿಡಿದು ಇದ್ದಲ್ಲೇ ಇರುತ್ತದೆ, ಸಣ್ಣಪುಟ್ಟದ್ದಕ್ಕೆ ಹಾರುವುದಿಲ್ಲ.

ಅವರು ನನ್ನ ಗೀಟುಗಳನ್ನೆಲ್ಲ ನೋಡಿದರು. "ಸರಿಯಾಗಿ ಹಿಡಿದಿದ್ದೀಯ. ಆದರೆ ಅಂಕಿ ಏರಿಸೋಕಾಗಲ್ಲಪ್ಪ. ಹೆದ್ದಾರಿಯಲ್ಲಿ ಗಾಡಿಗಳು ನೂರರಲ್ಲಿ ಓಡ್ತವೆ. ಅವು ಬೇಗ ಬೇಗ ಟವರು ಬದಲಾಯಿಸಬೇಕು. ನಾನು ಇಲ್ಲಿ ಹಟ ಜಾಸ್ತಿ ಮಾಡಿದ್ರೆ ಅಲ್ಲಿ ಎಲ್ಲರದೂ ಕಟ್ಟಾಗುತ್ತೆ."

"ಒಂದು ದಿನದ ಮಟ್ಟಿಗೆ, ಸರ್? ನಾಳೆ ಸಂಜೆ ಮಾತ್ರ?"

ಅವರು ನಗಲಿಲ್ಲ. "ಎಷ್ಟು ಜನಕ್ಕೆ ತೊಂದರೆ ಆಗ್ತಿದೆ ಆ ಏರಿ ಮೇಲೆ?"

"ಒಬ್ಬರಿಗೆ."

"ಪಟ್ಟಿಯಲ್ಲಿ ಹಾಕಿರ್ತೀನಿ. ಅನುಮತಿ ಬರೋಕೆ ಎರಡು ಮೂರು ತಿಂಗಳು."

ಅವರದು ತಪ್ಪೆಂದು ನನಗೆ ಆಗಲೂ ಅನ್ನಿಸಲಿಲ್ಲ, ಈಗಲೂ ಅನ್ನಿಸುವುದಿಲ್ಲ. ಆ ಹೆದ್ದಾರಿಯಲ್ಲಿ ಓಡುವವರಲ್ಲಿ ಭಾವನಂಥ ಎಷ್ಟೋ ಡ್ರೈವರುಗಳಿದ್ದರು, ಅವರಿಗೂ ಯಾರೋ ಕಾಯುತ್ತಿದ್ದರು. ಫೋನಿನ ಒಳಗೇ ಏನಾದರೂ ಮಾಡಬಹುದೇ ಎಂದು ಆ ಸಂಜೆಯೆಲ್ಲ ಕೋಣೆಯಲ್ಲಿ ಕೂತು ನನ್ನದನ್ನೇ ಒತ್ತಿ ಒತ್ತಿ ನೋಡಿದೆ. ಬೇರೆ ಕಂಪನಿಗೆ ಹಾರದ ಹಾಗೆ ಕಟ್ಟಿಹಾಕಬಹುದು. ಒಂದೇ ಕಂಪನಿಯ ಎರಡು ಟವರಿನ ನಡುವೆ ಹಾರುವುದನ್ನು ತಡೆಯುವ ಗುಂಡಿ ಅದರಲ್ಲಿ ಇರಲಿಲ್ಲ.

ಅಂದ ಮೇಲೆ ಉಳಿದದ್ದು ನಿಲ್ಲುವ ಜಾಗ.

ಗುರುವಾರ ಅರ್ಧ ದಿನ ರಜೆ ಹಾಕಿ ಬಸ್ಸು ಹಿಡಿದೆ. ಟವರಿನ ಅಂಕಿ ತೋರಿಸುವ ಕಚೇರಿಯ ಇನ್ನೊಂದು ಫೋನನ್ನು ಕೇಳಿ ತಂದಿದ್ದೆ. ಡ್ರೈವರಣ್ಣನಿಗೆ ಕರೆ ಹಚ್ಚಿ, ಇಡಬೇಡಿ, ಏನಾದರೂ ಮಾತಾಡುತ್ತಿರಿ ಎಂದೆ. ಅವರು ತಮ್ಮ ಊರಿನ ಹೊಳೆಯಲ್ಲಿ ಈಜು ಕಲಿತ ಕತೆ ಶುರುಮಾಡಿದರು. ಅದನ್ನು ಕೇಳುತ್ತ ಮನೆ ಸುತ್ತಿದೆ. ಜಗಲಿಯಲ್ಲಿ ಅದಲು ಬದಲು. ಎಮ್ಮೆ ಕೊಟ್ಟಿಗೆಯಲ್ಲಿ ಕಮ್ಮಿ, ಆದರೂ ಅದೇ. ಹಿತ್ತಲಿಗೆ ಬಂದೆ. ಬಚ್ಚಲು ಒಲೆಯ ಪಕ್ಕ, ಹಿಂಗೋಡೆಯ ಮೂಲೆಯಲ್ಲಿ, ಕೆರೆಯ ಕಡೆಯದನ್ನು ಏರಿಯ ಮಣ್ಣೇ ತಡೆದುಬಿಟ್ಟಿತ್ತು. ಊರಿನ ಟವರು ಒಂದೇ ಬರುತ್ತಿತ್ತು, ಅದೂ ಮನೆ ಅಡ್ಡವಾಗಿ ಕ್ಷೀಣ. ಕಡ್ಡಿ ಒಂದು, ಕೆಲವೊಮ್ಮೆ ಎರಡು. ಆದರೆ ಮೇಲಿನ ಅಂಕಿ ಅಲುಗಲಿಲ್ಲ. ಡ್ರೈವರಣ್ಣ ಹೊಳೆಯಲ್ಲಿ ಮುಳುಗಿ, ಯಾರೋ ಕೂದಲು ಹಿಡಿದು ಎಳೆದು, ಮನೆಯಲ್ಲಿ ಬಾಸುಂಡೆ ಬರುವಂತೆ ಏಟು ತಿಂದು ಮುಗಿಸುವ ತನಕ ಒಂದೇ ಟವರು.

"ಇಲ್ಲೇ ನಿಂತು ಮಾತಾಡು," ಎಂದೆ ಅಕ್ಕನಿಗೆ.

ಅವಳು ಮೂಲೆಯನ್ನು ನೋಡಿದಳು, ನನ್ನನ್ನು ನೋಡಿದಳು. "ತಲೆ ಸರಿ ಐತೇನೋ? ಸಂಜೆ ಆದ್ರೆ ಅತ್ತೆ ಕುಂತ್ಕಳೋ ಜಾಗ ಅದು. ಅವ್ರ ಮುಂದೆ ನಿಮ್ ಭಾವನ ಜೊತೆ ಮಾತಾಡ್ಲಾ? ಸತ್ರೂ ಇಲ್ಲ."

"ಒಂದು ದಿನ ಬೇರೆ ಕಡೆ ಕೂರ್ರಿ ಅಂತ ನಾನು ಕೇಳ್ತೀನಿ."

"ಕೇಳಪ್ಪ, ಕೇಳು. ಇಪ್ಪತ್ತೊರ್ಷದಿಂದ ಆ ಕಲ್ಲು ಬಿಟ್ಟು ಎದ್ದಿಲ್ಲ ಅವ್ರು. ನೀನು ಬಂದೆ ಅಂತ ಏಳ್ತಾರೆ!"

"ಏರಿ ಮೇಲಾದ್ರೆ ಕಟ್ಟಾಗ್ತೈತೆ ಅಕ್ಕ. ನಾನು ನೋಡಿದೀನಿ. ಕಟ್ಟಾದ್ರೆ ಭಾವ ಬರಲ್ಲ."

ಅವಳು ಎಮ್ಮೆಗೆ ಹುಲ್ಲು ಹಾಕಲು ಹೋದಳು. ಹುಲ್ಲು ಹಾಕಿ ಆದ ಮೇಲೂ ಬಹಳ ಹೊತ್ತು ಕೊಟ್ಟಿಗೆಯಿಂದ ಬರಲಿಲ್ಲ.

ಏಳಕ್ಕೆ ಸ್ವಲ್ಪ ಮೊದಲು ಅತ್ತೆ ಬಂದು ಬಚ್ಚಲು ಒಲೆಗೆ ತೆಂಗಿನ ಗರಿ ತುರುಕಿ, ತಮ್ಮ ಕಲ್ಲಿನ ಮೇಲೆ ಕೂತು ಮೊರದಲ್ಲಿ ಹುರುಳಿ ಹಸನು ಮಾಡತೊಡಗಿದರು. ಅಕ್ಕ ಫೋನು ಹಿಡಿದು ಹಿತ್ತಲ ಬಾಗಿಲಿಗೆ ಬಂದಳು. ಒಮ್ಮೆ ಏರಿಯ ಕಡೆ ನೋಡಿದಳು. ಫೋನು ಬಡಿದುಕೊಂಡಿತು. ಅವಳು ಮೂಲೆಗೆ ಹೋಗಿ ಗೋಡೆಗೆ ಮುಖ ಮಾಡಿ ನಿಂತು, ಉಸಿರಿನಲ್ಲಿ, "ಹಲೋ," ಎಂದಳು.

ಒಂದು ಕಡ್ಡಿಯಲ್ಲಿ ಉಸಿರು ದಾಟುವುದಿಲ್ಲ. ಆಚೆಯಿಂದ ಭಾವನ ಧ್ವನಿ ನನಗೂ ಕೇಳಿಸಿತು: "ಹಲೋ? ಹಲೋ! ಕಟ್ಟಾಯ್ತಾ? ಮತ್ತೆ ಕಟ್ ಮಾಡ್ದಾ?"

"ಇಲ್ಲ ಕಣ್ರೀ!" ಅಕ್ಕ ಕೂಗಿಯೇಬಿಟ್ಟಳು. "ಲೈನೈತೆ! ಅತ್ತೆ ಇಲ್ಲೇ ಅವ್ರೆ, ಅದ್ಕೇ ಮೆಲ್ಲಕ್ ಮಾತಾಡಿದ್ದು!"

ಮೊರ ನಿಂತಿತು. ಅತ್ತೆ ತಲೆಯೆತ್ತದೆ ಹೇಳಿದರು: "ಅತ್ತೆಗೆ ಕಿವಿ ಕೇಳಲ್ಲ ಅಂತ ಹೇಳು."

ಅಲ್ಲಿಗೆ ಅಕ್ಕನ ಅಂಜಿಕೆ ಮುಗಿಯಿತು ಎಂದು ಕಾಣುತ್ತದೆ. ಗೋಡೆಯಿಂದ ಈಚೆ ತಿರುಗಿದಳು. ಮೇ ತಿಂಗಳಿನಿಂದ ಆದದ್ದೆಲ್ಲ ಹೇಳಿದಳು. ಮೊದಲನೇ ಸಲ ಕಟ್ ಮಾಡಿದ್ದು ನಾನೇ, ಹೌದು, ಸಿಟ್ಟು ಬಂದಿತ್ತು ಎಂದಳು. "ಆಮೇಲೆ ಒಂದ್ಸಲನೂ ಇಲ್ಲ. ಬೇಕಾದ್ರೆ ನಿಮ್ಮವ್ವನ ಮೇಲೆ ಆಣೆ. ಲಾಂಗ್ ರೂಟ್ ಬಿಡ್ತೀನಿ, ಹೊಳಲ್ಕೆರೆ ಲೋಡ್ ಹೊಡೀತೀನಿ ಅಂತ ಯಾರಂದಿದ್ದು? ನಾನಾ ನೀವಾ?"

"ಏನಂದೆ?" ಅತ್ತೆ ಮೊರ ಕೆಳಗಿಟ್ಟರು. "ಬಿಡ್ತೀನಿ ಅಂದಿದ್ನಾ? ನೀನೇ ಕಳಿಸ್ತೀಯ ಅಂತ ಮಾಡಿದ್ನಲ್ಲೇ ನಾನು! ಇತ್ಲಾಗೆ ಕೊಡು ಅದನ್ನ."

ಫೋನನ್ನು ತಲೆಕೆಳಗಾಗಿ ಹಿಡಿದರು. ಅಕ್ಕ ತಿರುಗಿಸಿ ಕೊಟ್ಟಳು.

"ಏನ್ಲೇ! ಹೂಂ, ನಾನೇ, ನಿಮ್ಮವ್ವ. ಮಾತು ಕೊಡಾದೂ ನೀನೇ, ಕಟ್ ಮಾಡ್ದೆ ಅಂತ ಆ ಹುಡುಗೀನ ಬೈಯಾದೂ ನೀನೇ. ಅವ್ಳು ಏರಿ ಮೇಲೆ ಕತ್ಲಾಗೆ ನಿಂತು ಹಲೋ ಹಲೋ ಅಂತ ಬಾಯಿ ಬಡ್ಕಳಾದು ಇಲ್ಲಿಗೆ ಕೇಳ್ತೈತೆ ಕಣ್ಲೇ ದಿನಾಲೂ. ನಂಗೆ ಕೇಳ್ತೈತೆ, ನಿಂಗೆ ಕೇಳಲ್ಲ! ಮುಚ್ಕಂಡು ಮನೆಗ್ ಬಾ. ಹುರುಳಿ ಸಾರು ಮಾಡಿಸ್ತೀನಿ."

ನನ್ನ ಕೈಯಲ್ಲಿದ್ದ ಕಚೇರಿಯ ಫೋನನ್ನು ನೋಡುತ್ತಿದ್ದೆ. ಮೇಲಿನ ಅಂಕಿ ಒಂದೇ. ಕರೆ ಮುಗಿಯುವ ತನಕ ಅಲುಗಲಿಲ್ಲ. ಮುಗಿಸುವುದು ಹೇಗೆಂದು ಅತ್ತೆಗೆ ಗೊತ್ತಿರಲಿಲ್ಲ. ಇನ್ನೂ ಭಾವ ಮಾತನಾಡುತ್ತಿರುವಾಗಲೇ ಫೋನನ್ನು ಅಕ್ಕನಿಗೆ ಕೊಟ್ಟು ಮತ್ತೆ ಮೊರ ಹಿಡಿದರು. ಭಾವ ಶನಿವಾರ ಬರುತ್ತೇನೆಂದ. ಬಂದದ್ದು ಭಾನುವಾರ.

ಪಂಚಮಿಯ ಹೊತ್ತಿಗೆ ಅವನು ಹೊಳಲ್ಕೆರೆಯ ಲೋಡು ಹಿಡಿದಿದ್ದ. ಬೆಳಿಗ್ಗೆ ಹೋದರೆ ರಾತ್ರಿ ಊಟಕ್ಕೆ ಮನೆ. ಹಾಗಾಗಿ ಅಕ್ಕನಿಗೆ ಸಂಜೆ ಫೋನಿನ ಕೆಲಸವೇ ತಪ್ಪಿತು. ಮೊದಲು ಭಾವನ ಕರೆ ಕಟ್ಟಾದಾಗಲೆಲ್ಲ ನನಗೆ ಮಾಡಿ, ನಿನ್ನದೂ ಕಟ್ಟಾಗ್ತೈತಾ ಎಂದು ಕೇಳಿ, ಹಾಗೇ, ಇವತ್ತು ಏನು ಅಡುಗೆ ಮಾಡಿಕೊಂಡೆ, ಅನ್ನ ಮುದ್ದೆಯಾಯಿತಾ, ಅಂಗಿಗೆ ಗುಂಡಿ ಹಾಕಿಸಿದೆಯಾ ಎಂದು ಕಾಲು ಗಂಟೆ ಮಾತನಾಡುತ್ತಿದ್ದಳು. ಅದೂ ತಪ್ಪಿತು. ಜೂನ್ ತಿಂಗಳಲ್ಲಿ ನನ್ನ ದಿನಚರಿಯ ಎರಡನೆಯ ಕಡೆ ಅಕ್ಕ ಎಂದು ಹನ್ನೊಂದು ಸಲ ಇತ್ತು. ಜುಲೈನಲ್ಲಿ ನಾಲ್ಕು. ಆಗಸ್ಟಿನಲ್ಲಿ ಪಂಚಮಿಗೆ ಬಾ ಎಂದು ಕರೆದದ್ದು ಒಂದು. ಸೆಪ್ಟೆಂಬರಿನಲ್ಲಿ ಬರೆಯಲು ಏನೂ ಇರಲಿಲ್ಲವೆಂದು ಆ ಕಡೆ ಗೆರೆ ಎಳೆಯುವುದನ್ನೇ ಬಿಟ್ಟೆ.

ನನ್ನ ಕೋಣೆ ಕೋಟೆ ಗುಡ್ಡದ ಮರೆಯಲ್ಲಿತ್ತು. ಅಲ್ಲಿಗೆ ಒಂದೇ ಟವರು ಬರುತ್ತಿತ್ತು, ನಾಲ್ಕು ಕಡ್ಡಿ, ಹಗಲೂ ರಾತ್ರಿ. ಅಲ್ಲಿ ಒಂದು ಕರೆಯೂ ಕಡಿದದ್ದಿಲ್ಲ. ಸಂಜೆ ಬಂದು ಫೋನನ್ನು ಕಿಟಕಿಯಲ್ಲಿಟ್ಟು ಅನ್ನಕ್ಕಿಡುತ್ತಿದ್ದೆ. ಕುಕ್ಕರು ಕೂಗಿದಾಗ ಒಂದೆರಡು ಸಲ ಫೋನೆಂದು ತಿರುಗಿ ನೋಡಿದ್ದುಂಟು.

ಅಕ್ಟೋಬರಿನಲ್ಲಿ ಮತ್ತೆ ದಾವಣಗೆರೆ ರಸ್ತೆಯ ಸರದಿ ಬಂತು. ನಾನು ಹೇಳದೆಯೇ ಡ್ರೈವರಣ್ಣ ಏರಿಯ ಕಡೆ ಗಾಡಿ ತಿರುಗಿಸಿದರು. ಎಂಜಿನಿಯರು ಆ ಅಂಕಿ ಇನ್ನೂ ಏರಿಸಿರಲಿಲ್ಲ. ಪರದೆಯ ಮೇಲೆ ಎರಡು ಟವರು ಹಾಗೇ ಆಡುತ್ತಿದ್ದವು. ಕೆಳಗೆ ಅಕ್ಕನ ಮನೆಯ ಹಿತ್ತಲು ಕಾಣುತ್ತಿತ್ತು, ಬಚ್ಚಲಿನ ಹೊಗೆ ಕಾಣುತ್ತಿತ್ತು, ಹಗ್ಗದ ಮೇಲೆ ಭಾವನ ಖಾಕಿ ಅಂಗಿ ಒಣಗುತ್ತಿತ್ತು. ಇಳಿದು ಹೋಗಬಹುದಿತ್ತು. ಐದು ನಿಮಿಷದ ದಾರಿ. ನಾನು ಏರಿಯ ಮೇಲೆ ನಿಂತು ನನ್ನ ಫೋನಿನಿಂದ ಅವಳಿಗೆ ಕರೆ ಮಾಡಿದೆ, ಆಚೀಚೆ ಅಡ್ಡಾಡುತ್ತ.

"ಏನೋ, ಅಪರೂಪಕ್ಕೆ," ಎಂದಳು. ಎಮ್ಮೆ ಕರು ಹಾಕಿದ ಸುದ್ದಿ ಹೇಳುತ್ತಿದ್ದಳು. ಕೊರ್ ಎಂದಿತು, ಕಡಿಯಿತು.

ಫೋನನ್ನು ಕೈಯಲ್ಲಿ ಹಿಡಿದು ಕಾದೆ. ಬಡಿದುಕೊಂಡಿತು. ಅಕ್ಕ.

"ಏನೋ, ಕಟ್ಟಾಯ್ತು? ಎಲ್ಲಿದೀಯ?"

"ಏರಿ ಮೇಲೆ."

"ಅಯ್ಯೋ ಪೆದ್ದ, ಅಲ್ಲಿ ಕಟ್ಟಾಗ್ತೈತೆ ಅಂತ ನಂಗೆ ಹೇಳ್ಕೊಟ್ಟೋನೇ ನೀನು. ಯಾಕಲ್ಲಿ ನಿಂತಿದೀಯ, ಬಾ ಕೆಳಗೆ. ಗಿಣ್ಣ ಐತೆ."

ಡ್ರೈವರಣ್ಣ ಹಾರ್ನು ಒತ್ತಿದರು. ಕತ್ತಲಾಗುವ ಮೊದಲು ಹೊಳಲ್ಕೆರೆ ದಾರಿಯನ್ನೂ ಅರ್ಧ ಮುಗಿಸಬೇಕಿತ್ತು. ಇನ್ನೊಮ್ಮೆ ಬರುತ್ತೇನೆ ಎಂದು ಹೇಳುವಷ್ಟರಲ್ಲಿ ಆ ಕರೆಯೂ ಕಡಿಯಿತು. ಅವಳು ಮತ್ತೆ ಮಾಡಿದಳು. ಆ ದಿನದ ಹಾಳೆಯಲ್ಲಿ ಅಕ್ಕ ಎಂದು ಎರಡು ಸಲ ಬರೆದುಕೊಂಡೆ.

ಮುಂದಿನ ವರ್ಷ ಗುತ್ತಿಗೆ ಮುಗಿಯಿತು. ಎಂಜಿನಿಯರು ಬೇರೆ ಜಿಲ್ಲೆಗೆ ಹೋದರು. ನನ್ನ ಗೀಟುಗಳು ಸೇರಿದ ಆ ಪಟ್ಟಿ ಏನಾಯಿತೋ, ಆ ಟವರುಗಳ ಅಂಕಿಯನ್ನು ಯಾರಾದರೂ ಮುಂದೆ ಏರಿಸಿದರೋ, ನನಗೆ ಗೊತ್ತಾಗಲಿಲ್ಲ. ಆ ಕಾಲದಲ್ಲಿ ಈ ಕೆಲಸದಲ್ಲಿದ್ದವರು, ಅಥವಾ ಕೆರೆ ಏರಿಯ ಮೇಲೆ ನಿಂತು ಮಾತು ಕಡಿದುಕೊಂಡವರು ಇದನ್ನು ಓದುತ್ತಿದ್ದರೆ, ಪ್ರಕಾಶಕರ ವಿಳಾಸಕ್ಕೆ ಒಂದು ಸಾಲು ಬರೆಯಿರಿ. ನೀವು ಎಲ್ಲಿ ನಿಂತಿದ್ದಿರಿ, ಎಷ್ಟು ಹೊತ್ತಿಗೆ ಕಡಿಯಿತು, ಆಚೆಯವರು ಮತ್ತೆ ಮಾಡಿದರೇ ಎಂಬುದನ್ನೂ ಬರೆದರೆ ಒಳ್ಳೆಯದು.